ಗಿರಿಜಾಳ ಕೈಖರ್ಚು

ಮೊನ್ನೆ ತರಬೇತಿಯೊಂದಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ಬಸ್ಸು ಊರು ಸೇರುವ ಮೊದಲೇ ಕಿಟಕಿಯಿಂದ ಅಕ್ಕಿ ಗಿರಣಿಗಳ ವಾಸನೆ ಒಳಗೆ ಬಂತು. ಬಿಸಿ ತೌಡು, ಒದ್ದೆ ಭತ್ತ, ಸುಟ್ಟ ಹೊಟ್ಟು ಎಲ್ಲ ಸೇರಿದ ವಾಸನೆ. ಪಕ್ಕದಲ್ಲಿ ಕೂತಿದ್ದ ಟೀಚರಮ್ಮ ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ನಮ್ಮ ಅಡುಗೆಮನೆಯ ಮೂಲೆ ಕಣ್ಣಮುಂದೆ ಬಂತು. ಮೂರು ವರ್ಷದ ಹಿಂದೆ ಅಲ್ಲಿ ಇದೇ ವಾಸನೆಯ ಒಂದು ಅಕ್ಕಿ ಚೀಲ ಬಂದು ಕೂತಿತ್ತು. ಅದರ ಜೊತೆಗೆ ನನ್ನ ತಂಗಿಯ ಮಗಳು ಗಿರಿಜಾ ಬಂದಿದ್ದಳು. ತರಬೇತಿಯಲ್ಲಿ ಯಾರ್ಯಾರೋ ಬಂದು ಏನೇನೋ ಹೇಳಿದರು. ನಾನು ತಲೆಯಾಡಿಸುತ್ತ ಕೂತಿದ್ದೆ, ಒಂದಕ್ಷರವೂ ತಲೆಗೆ ಹೋಗಲಿಲ್ಲ.

ನನ್ನ ತಂಗಿ ಮಹಾದೇವಿ ಕಾಮಾಲೆಯಿಂದ ತೀರಿಕೊಂಡಾಗ ಗಿರಿಜಾ ಒಂಬತ್ತನೆಯ ತರಗತಿಯಲ್ಲಿದ್ದಳು. ವರ್ಷ ತುಂಬುವ ಮೊದಲೇ ಅವಳ ಅಪ್ಪ ಪಂಪಣ್ಣ ಇನ್ನೊಂದು ಮದುವೆಯಾದ. ನಾನು ಬೈಯಲಿಲ್ಲ ಅಂದರೆ ಸುಳ್ಳಾದೀತು. ಬೈದೆ, ಆದರೆ ಅಡುಗೆಮನೆಯೊಳಗೆ, ನಮ್ಮ ಮನೆಯವರಿಗೆ ಕೇಳುವಷ್ಟು ಮಾತ್ರ. ಪಂಪಣ್ಣ ಕೆಟ್ಟ ಮನುಷ್ಯನಲ್ಲ. ಗಿರಣಿಯಲ್ಲಿ ತೂಕ ನೋಡಿಕೊಳ್ಳುವ ಕೆಲಸ, ಬಾಯಲ್ಲಿ ಎರಡು ಮಾತಿಲ್ಲ, ಮರ್ಯಾದೆ ಅಂದರೆ ಪ್ರಾಣ ಬಿಡುವ ಆಸಾಮಿ. ಹೊಸ ಹೆಂಡತಿ ಬಸುರಿಯಾದಳು, ಮನೆಯಲ್ಲಿ ಗಿರಿಜಾಳ ಓದು ಹಿಂದೆ ಬಿತ್ತು. ಆ ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ.

“ಅಕ್ಕಾರ, ಹತ್ತನೇದು ಒಂದು ನಿಮ್ಮಲ್ಲಿ ಓದ್ಲಿ. ಮುಂದಿಂದು ಆಮ್ಯಾಗ ನೋಡೋಣು” ಅಂದ. ಹೆಗಲಿನಿಂದ ಚೀಲ ಇಳಿಸಿ, “ಅಕ್ಕಿ ನಾ ಕಳಸ್ತಿರ್ತೀನಿ. ಹುಡುಗಿ ಊಟ ನಿಮಗ ಭಾರ ಆಗಬಾರ್ದು” ಅಂದ.

ಮಕ್ಕಳನ್ನು ಓದಿಗೆಂದು ಬಳ್ಳಾರಿಯ ನೆಂಟರಲ್ಲಿ ಬಿಡುವಾಗ ಸಿರುಗುಪ್ಪದ ಕಡೆಯವರು ಅಕ್ಕಿ ಚೀಲ ತರುವುದು ರೂಢಿ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ನಾನೂ ತಿಳಿಯಲಿಲ್ಲ. ಆದರೆ ಅವನಂದ ‘ಹತ್ತನೇದು ಒಂದು’ ನನಗೆ ಸಾಲುತ್ತಿರಲಿಲ್ಲ. ಗಿರಿಜಾ ಪಿಯುಸಿಯನ್ನೂ ಇಲ್ಲೇ ಓದಬೇಕು, ಅದೇ ತರಗತಿಯಲ್ಲಿದ್ದ ನನ್ನ ಮಗಳು ಚೈತ್ರಾಳ ಜೊತೆಗೆ ಇನ್ನೊಬ್ಬ ಮಗಳಾಗಿ ಉಳಿದುಬಿಡಬೇಕು ಅನ್ನುವುದು ನನ್ನ ಆಸೆ. ಅವಳು ನಡೆಯುವುದು ಥೇಟ್ ಮಹಾದೇವಿಯ ಹಾಗೆ, ಎಡಗಾಲನ್ನು ಕೊಂಚ ಎಳೆದು. ಮೆಟ್ಟಿಲ ಮೇಲೆ ಆ ಸಪ್ಪಳ ಕೇಳಿದಾಗೆಲ್ಲ ನನಗೆ ತಂಗಿ ಬಂದಳೆನಿಸುತ್ತಿತ್ತು. ಆಮೇಲೆ ಅಲ್ಲವೆಂದು ನೆನಪಾಗುತ್ತಿತ್ತು.

ನಮ್ಮದು ಕೌಲ್ ಬಜಾರ್‌ನ ಒಂದು ಗಲ್ಲಿ. ಕೆಳಗೆ ನಮ್ಮ ಮನೆಯವರ ಜೀನ್ಸ್ ಹೊಲಿಯುವ ಯೂನಿಟ್ಟು, ಮೇಲೆ ನಮ್ಮ ಮನೆ. ದಿನವಿಡೀ ಮಶೀನುಗಳ ಸದ್ದು. ಎಷ್ಟು ಗುಡಿಸಿದರೂ ಮೆಟ್ಟಿಲ ಮೇಲೆ ನೀಲಿ ಅರಳೆಯಂಥ ದೂಳು. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೆಳಿಗ್ಗೆ ಬಸ್ಸು ಹಿಡಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ಮನೆಗೆಲಸದಲ್ಲಿ ಹುಡುಗಿಯರದೂ ಒಂದು ಪಾಲು ಇರಲೇಬೇಕಿತ್ತು. ಇಬ್ಬರಿಗೂ ಪ್ರತಿ ಸೋಮವಾರ ಐವತ್ತೈವತ್ತು ರೂಪಾಯಿ ಕೈಖರ್ಚು ಅಂತ ಗೊತ್ತು ಮಾಡಿದೆ. ಮೆಟ್ಟಿಲು ಗುಡಿಸುವುದು ಚೈತ್ರಾ, ನಳದಲ್ಲಿ ನೀರು ಬಿಟ್ಟ ದಿನ ಡ್ರಮ್ಮು ತುಂಬಿಸುವುದು ಗಿರಿಜಾ.

ಚೈತ್ರಾ ಮೊದಲ ವಾರವೇ ಜಗಳಕ್ಕೆ ನಿಂತಳು. “ಐವತ್ತಕ್ಕ ಎರಡು ಪ್ಲೇಟ್ ಪಾನಿಪುರಿ ಬರಲ್ಲಮ್ಮ. ನೂರು ಮಾಡು. ಇಲ್ಲಂದ್ರ ಮೆಟ್ಟಲಾ ದಿನಾ ಬಿಟ್ಟು ದಿನಾ ಕಸಬರಗಿ ಕಾಣ್ತಾವು ನೋಡು.” ನನ್ನ ಮಗಳು ತರಕಾರಿ ಮಾರ್ಕೆಟ್ಟಿನಲ್ಲಿ ಹುಟ್ಟಬೇಕಾದವಳು. ಕೊನೆಗೆ ಅರವತ್ತಕ್ಕೆ ಒಪ್ಪಂದವಾಯಿತು. ಗಿರಿಜಾಳಿಗೂ ಅಷ್ಟೇ ಕೊಡಲು ಹೋದರೆ, “ನನಗ ಐವತ್ತ ಸಾಕು ದೊಡ್ಡವ್ವ” ಅಂದಳು. ಸಂಕೋಚ, ಹೋಗುತ್ತದೆ ಅಂದುಕೊಂಡೆ.

ಸಂಕೋಚ ಹೋಗಲಿಲ್ಲ. ದಸರೆಯ ಹೊತ್ತಿಗೆ ಪಂಪಣ್ಣನಿಗೆ ಮಗ ಹುಟ್ಟಿದ, ಕೂಸು ಬೇನೆ ಬಿದ್ದು ಆಸ್ಪತ್ರೆಗೆ ತಿರುಗಾಟವಾಯಿತು. ಬರಬೇಕಿದ್ದ ಅಕ್ಕಿ ಬರಲಿಲ್ಲ. ನಮಗೇನೂ ಅದರ ಹಂಬಲವಿರಲಿಲ್ಲ, ಅಂಗಡಿಯಿಂದ ತಂದೆವು. ಆದರೆ ನಾನು ಹೊಸ ಪ್ಯಾಕೆಟ್ಟಿನ ಬಾಯಿ ಕತ್ತರಿಸುವಾಗ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ದೀಪಾವಳಿ ಕಳೆದ ಸೋಮವಾರ ಐವತ್ತರ ನೋಟನ್ನು ತಂದು ಕಡಪ ಕಲ್ಲಿನ ಕಟ್ಟೆಯ ಮೇಲಿಟ್ಟಳು.

“ಇದು ಬ್ಯಾಡ ದೊಡ್ಡವ್ವ. ನೀರು ಈ ವಾರ ಒಂದ ಸರ್ತಿ ಬಿಟ್ರು. ಅದಕ್ಕ ಐವತ್ತು ಜಾಸ್ತಿ ಆತು.”

“ಏ ಹುಚ್ಚಿ, ಅದು ನೀರು ತುಂಬಿದ್ದಕ್ಕ ಕೊಡೋ ರೊಕ್ಕ ಅಲ್ಲ. ನಿನ್ನ ಖರ್ಚಿಗೆ.”

“ನನಗೇನು ಖರ್ಚದಾವು?”

ನನ್ನ ಸರ್ವೀಸಿನಲ್ಲಿ ಎಂಥೆಂಥ ಮಕ್ಕಳನ್ನು ಕಂಡಿದ್ದೇನೆ. ಫೀಸಿನ ದುಡ್ಡು ತಿಂದವರನ್ನು ಕಂಡಿದ್ದೇನೆ, ಪರೀಕ್ಷೆಯ ದಿನ ಪೆನ್ನು ಮಾರಿಕೊಂಡವನನ್ನೂ ಕಂಡಿದ್ದೇನೆ. ಕೊಟ್ಟದ್ದನ್ನು ಜಾಸ್ತಿಯಾಯಿತೆಂದು ವಾಪಸು ತರುವ ಹುಡುಗಿಯ ಜೊತೆ ಹೇಗೆ ಚೌಕಾಸಿ ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಬಂದರೆ ಗಿರಿಜಾ ಕೆಳಗಿನ ಯೂನಿಟ್ಟಿನಲ್ಲಿ ಕೂತಿದ್ದಾಳೆ. ಸುತ್ತ ಜೀನ್ಸ್ ಪ್ಯಾಂಟುಗಳ ಗುಡ್ಡೆ. ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುವುದು ಅಲ್ಲಿನ ಹೆಂಗಸರ ಕೆಲಸ, ಪೀಸಿಗೆ ಇಷ್ಟು ಅಂತ ಕೂಲಿ. ಅವರ ನಡುವೆ ಇವಳೂ ಬಗ್ಗಿ ಕತ್ತರಿ ಆಡಿಸುತ್ತಿದ್ದಳು. ಬೆರಳುಗಳು ಆಗಲೇ ನೀಲಿಯಾಗಿದ್ದವು. ನನಗೆ ನಖಶಿಖಾಂತ ಉರಿಯಿತು. ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸಲು ಹುಡುಗಿಯರನ್ನು ಹೊಲಕ್ಕೆ ಕರೆದೊಯ್ದರೆ ಅವರ ಮನೆ ಬಾಗಿಲಿಗೆ ಹೋಗಿ ತಂದೆತಾಯಿಗಳ ಜೊತೆ ಜಗಳಾಡಿ ಬರುವವಳು ನಾನು. ನನ್ನ ಮನೆಯ ಕೆಳಗೇ ಹೀಗೆ.

“ನಾ ಬ್ಯಾಡಂದೆ, ಕೇಳ್ಬೇಕಲ್ಲ” ಅಂದರು ನಮ್ಮ ಮನೆಯವರು. “ಕೂತು ಬ್ಯಾಸರಾಗತೈತಿ ದೊಡ್ಡಪ್ಪ ಅಂದ್ಳು. ಆಡ್ಲಿ ಬಿಡು ಅಂತ ಬಿಟ್ಟೆ.”

ಅವಳ ಕೈ ಹಿಡಿದು ಮೇಲೆ ಕರೆತಂದೆ. ಓದುವ ಹುಡುಗಿ ಇನ್ನು ಕೆಳಗೆ ಕಾಲಿಡಬಾರದು ಅಂದೆ. ಅವಳು ಸೋಪು ಹಚ್ಚಿ ಬೆರಳು ತಿಕ್ಕುತ್ತ ಹೇಳಿದಳು:

“ಹಂಗಾರ ಮ್ಯಾಲಿನ ಕೆಲಸ ಕೊಡು. ಯಾ ಕೆಲಸಕ್ಕ ಎಷ್ಟು ಅಂತ ಹೇಳಿಬಿಡು. ಮಾಡಿದಷ್ಟು ಕೊಡು. ಇಲ್ಲಂದ್ರ ನನಗ ಒಂದು ರೂಪಾಯಿನೂ ಬ್ಯಾಡ.”

ಪೀಸ್ ರೇಟಿನ ಮನೆಯಲ್ಲಿ ಅವಳು ಕಲಿತದ್ದು ಅದು. ಸಾಲೆಗೆ ನಡೆದೇ ಹೋಗುತ್ತಿದ್ದಳು, ಕೂದಲಿಗೆ ಕಟ್ಟಿದ ರಬ್ಬರ್ ಬ್ಯಾಂಡು ಹರಿದು ಗಂಟು ಹಾಕಿದ್ದು. ಏನೂ ತೆಗೆದುಕೊಳ್ಳದೆ ಇರುವುದಕ್ಕಿಂತ ಹೀಗಾದರೂ ತೆಗೆದುಕೊಳ್ಳಲಿ ಅಂತ ನಾನು ಒಪ್ಪಿದೆ. ಡ್ರಮ್ಮು ತುಂಬಿಸಲು ಇಷ್ಟು, ಪಾತ್ರೆಗೆ ಇಷ್ಟು, ಬಟ್ಟೆ ಮಡಚಲು ಇಷ್ಟು. ನಾನು ಇಪ್ಪತ್ತು ಅಂದರೆ ಅವಳು ಹತ್ತು ಸಾಕು ಅನ್ನುವಳು. ಪಾತ್ರೆ ಕಡಿಮೆ ಮಾಡು ಅಂದರೆ ಕಸ ಗುಡಿಸುವುದನ್ನೂ ತನಗೇ ಹಚ್ಚು ಅನ್ನುವಳು. ಮಾರಾಟಗಾರರೇ ಬೆಲೆ ಇಳಿಸುತ್ತ, ಕೊಳ್ಳುವವರು ಏರಿಸುತ್ತ ಹೋಗುವ ಸಂತೆ ನಮ್ಮ ಮನೆಯಲ್ಲಿ ನಡೆಯಿತು. ಚೈತ್ರಾ ಬಿದ್ದು ಬಿದ್ದು ನಕ್ಕಳು.

ನಗುವುದಷ್ಟೇ ಅಲ್ಲ, ಅದರಲ್ಲಿ ಲಾಭವನ್ನೂ ಕಂಡಳು. ಮೆಟ್ಟಿಲು ಯಾಕೋ ಫಳಫಳ ಹೊಳೆಯುತ್ತಿದೆಯಲ್ಲ ಅಂತ ನೋಡಿದರೆ ಗುಡಿಸುತ್ತಿರುವವಳು ಗಿರಿಜಾ. ಚೈತ್ರಾ ತನ್ನ ಅರವತ್ತರಲ್ಲಿ ಇಪ್ಪತ್ತು ಅವಳಿಗೆ ಕೊಟ್ಟು ಕೆಲಸ ವಹಿಸಿದ್ದಳು. ಹಿಡಿದು ಕೇಳಿದರೆ ಎದೆ ಸೆಟೆದು ನಿಂತಳು.

“ಪಪ್ಪ ಮಾಡೋದೂ ಅದ ಅಲ್ಲೇನು? ತಾನು ಆರ್ಡರ್ ತಗೋತಾನ, ಬ್ಯಾರೇದವ್ರ ಕಡೆ ಹೊಲಿಸ್ತಾನ. ಉಳಿದಿದ್ದು ಜೇಬಿಗೆ.”

ನಮ್ಮ ಮನೆಯವರು ಬಾಯಲ್ಲಿದ್ದ ಚಹಾ ಉಗುಳಿ ನಕ್ಕರು. ಗಿರಿಜಾ ಕೂಡ ನಕ್ಕಳು. ಆ ವರ್ಷ ಅವಳು ಹಲ್ಲು ಕಾಣುವಂತೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಡಿಸೆಂಬರಿನಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ರಜೆ ಹಾಕಿ ಗಂಜಿ ಕುಡಿಸಿದೆ, ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದುಕೊಂಡು ಮಲಗಿರುತ್ತಿದ್ದಳು. ಇನ್ನು ಈ ಹುಡುಗಿ ನನ್ನವಳಾದಳು ಅಂದುಕೊಂಡೆ. ಜ್ವರ ಬಿಟ್ಟ ಸೋಮವಾರ ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡಳು.

“ಈ ವಾರ ನಾ ಏನೂ ಮಾಡಿಲ್ಲ.”

“ಗಿರಿಜಾ, ಸಾಕು ಮಾಡು. ನಿಮ್ಮವ್ವ ಇದ್ದಿದ್ರ ಹಿಂಗ ಲೆಕ್ಕ ಹಾಕ್ತಿದ್ದೇನು?”

“ಅವ್ವ ಇದ್ದಿದ್ರ ನಾ ಯಾಕ ಇಲ್ಲಿ ಇರ್ತಿದ್ದೆ?”

ಎದುರು ಮಾತಲ್ಲ ಅದು. ದನಿಯೂ ಏರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ ಕಸಬರಿಗೆ ತೆಗೆದುಕೊಂಡು ಹೋದಳು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ನೀರು ಪೋಲಾಯಿತು, ಆಗಲಿ.

ಸಂಕ್ರಾಂತಿಯ ಹಿಂದಿನ ದಿನ ನಾನು ಎಳ್ಳು ಹುರಿಯುತ್ತಿದ್ದೆ. ಮೆಟ್ಟಿಲ ಮೇಲೆ ಆ ಎಳೆದ ಕಾಲಿನ ಸಪ್ಪಳ ಎಂದಿಗಿಂತ ನಿಧಾನವಾಗಿ ಕೇಳಿತು. ಗಿರಿಜಾ ಸೊಂಟದ ಮೇಲೆ ಹತ್ತು ಕೇಜಿಯ ಅಕ್ಕಿ ಪ್ಯಾಕೆಟ್ಟು ಹೊತ್ತುಕೊಂಡು ಬಂದಳು. ಮುಖ ಬೆವತಿತ್ತು.

“ಅಪ್ಪ ಕಳಿಸ್ಯಾನ ದೊಡ್ಡವ್ವ. ಊರಿಂದ ಬಂದವ್ರು ಯಾರೋ ಸಾಲಿ ಹತ್ರ ಕೊಟ್ಟು ಹೋದ್ರು.”

ಪಂಪಣ್ಣನ ಅಕ್ಕಿ ಬರುತ್ತಿದ್ದದ್ದು ಗಿರಣಿಯ ಗೋಣಿಚೀಲದಲ್ಲಿ, ಬಾಯಿಗೆ ಅವನೇ ಹಾಕಿದ ಹೊಲಿಗೆಯ ಸಮೇತ. ಇದು ನಮ್ಮ ಬಜಾರಿನ ಮೂಲೆಯ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರಲ್ಲ, ಆ ಬಣ್ಣದ ಪ್ಯಾಕೆಟ್ಟು. ದೀಪಾವಳಿಯಿಂದ ಅವಳು ಪಾತ್ರೆ ತಿಕ್ಕಿದ್ದು, ನೀರು ತುಂಬಿದ್ದು, ಚೈತ್ರಾಳ ಮೆಟ್ಟಿಲು ಗುಡಿಸಿದ್ದು ಎಲ್ಲ ಅದರೊಳಗಿತ್ತು. ಕೂದಲಿಗೆ ಇನ್ನೂ ಅದೇ ಗಂಟು ಹಾಕಿದ ರಬ್ಬರ್ ಬ್ಯಾಂಡು. ಅವಳು ನನ್ನನ್ನೇ ನೋಡುತ್ತಿದ್ದಳು. ನಂಬಿಬಿಡು ಅಂತ ಕೇಳುವ ನೋಟ ಅದು. ಅಪ್ಪನ ಮಾನ ಅವಳ ಸೊಂಟದ ಮೇಲಿತ್ತು.

“ಒಳಗಿಡವ್ವ. ನಿಮ್ಮಪ್ಪಗ ಫೋನ್ ಹಚ್ಚಿದಾಗ ಹೇಳ್ತೀನಿ” ಅಂದೆ. ಹೇಳಲಿಲ್ಲ. ಹಬ್ಬಕ್ಕೆ ಅದೇ ಅಕ್ಕಿಯ ಹುಗ್ಗಿ ಮಾಡಿದೆ. ಎಲ್ಲರೂ ಉಂಡರು. ನಮ್ಮ ಮನೆಯವರಿಗೂ ಸಂಗತಿ ತಿಳಿಸಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಕೆಳಗಿನ ಹೆಂಗಸರಿಗೆಲ್ಲ ಹೇಳಿ ಮೆಚ್ಚಿಕೊಂಡುಬಿಡುತ್ತಾರೆ ಅನ್ನುವ ಅಂಜಿಕೆ ನನಗೆ.

ಪರೀಕ್ಷೆ ಬಂತು, ಹೋಯಿತು. ಬಳ್ಳಾರಿಯ ಬಿಸಿಲಿಗೆ ಮನೆಯ ಗೋಡೆ ರಾತ್ರಿಯೂ ಸುಡುತ್ತಿತ್ತು. ಹುಡುಗಿಯರು ಇಬ್ಬರೂ ಚಲೋ ಬರೆದಿದ್ದರು. ಯಾವ ಕಾಲೇಜು, ಯಾವ ಬಸ್ಸು ಅಂತ ಚೈತ್ರಾ ಇಬ್ಬರ ಪರವಾಗಿಯೂ ನಿರ್ಧಾರ ಮಾಡಿ ಮುಗಿಸಿದ್ದಳು. ಗಿರಿಜಾ ಬೇಡ ಅನ್ನುತ್ತಿರಲಿಲ್ಲ. ಒಮ್ಮೆ ನನ್ನನ್ನು, “ಕಾಲೇಜಿಗೆ ಹೋದ್ರೂ ಮುಂಜಾನೆ ಪಾತ್ರಿ ತಿಕ್ಕಾಕ ಟೈಮ್ ಇರತೈತಲ್ಲ ದೊಡ್ಡವ್ವ?” ಅಂತ ಕೇಳಿದಳು. ಉಳಿಯುವ ಮನಸ್ಸಿದೆ ಅಂತ ಅದರಿಂದಲೇ ನನಗೆ ಗೊತ್ತಾಯಿತು. ಕುಣಿಯುವುದೊಂದು ಬಾಕಿ, ಅಷ್ಟು ಖುಷಿ.

ಪಂಪಣ್ಣ ಬಂದದ್ದು ಅದಾದ ವಾರಕ್ಕೆ. ಬಡವಾಗಿದ್ದ, ಗಡ್ಡ ಬಂದಿತ್ತು. ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ.

“ಪಂಪಣ್ಣ, ಪಿಯುಸಿ ಇಲ್ಲೇ ಓದ್ಲಿ. ಚೈತ್ರಾ ಜೋಡಿ ಹೋಗಿ ಬರ್ತಾಳ.”

ಅವನು ತಾಟು ನೋಡುತ್ತ ಹೇಳಿದ: “ನಾನೂ ಅದನ್ನ ಕೇಳಾಕ ಬಂದೀನಿ ಅಕ್ಕಾರ. ಆದ್ರ ಹ್ಯಾಂಗ ಕೇಳ್ಲಿ? ಅಕ್ಕಿ ಕಳಸಾಕ ಆಗಿಲ್ಲ, ಮುಖಾ ತೋರಸಾಕ ನಾಚಿಕಿ ಬರತೈತಿ.”

ಅಷ್ಟೇ ಸಾಕಿತ್ತು. ಅವನೇ ಕೇಳಲು ಬಂದಿದ್ದ. ನಾನು ಹೂಂ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯವರಿಗೆ ಎದುರಿನವರು ನಾಚಿಕೊಂಡರೆ ಸಹಿಸಲಾಗದು. ಅವನ ಬೆನ್ನ ಮೇಲೆ ಕೈಯಿಟ್ಟು ದೊಡ್ಡ ಮನಸ್ಸಿನಿಂದ ಹೇಳಿದರು:

“ಏ, ಏನು ಮಾತದು ಪಂಪಣ್ಣ. ಸಂಕ್ರಾಂತಿಗೆ ಕಳಿಸಿದ್ಯಲ್ಲ, ಅಂಥಾ ಕಷ್ಟದಾಗೂ. ಭಾಳ ಚಲೋ ಅಕ್ಕಿ.”

“ಸಂಕ್ರಾಂತಿಗಾ? ನಾ ಎಲ್ಲಿ ಕಳಿಸೇನಿ?”

ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ. ಗಿರಿಜಾ ರೊಟ್ಟಿ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಅಪ್ಪ ಅವಳನ್ನು ನೋಡಿದ. ಸುಳ್ಳು ಹೇಳಲು ಅವಳಿಗೆ ಬರುತ್ತಿತ್ತು, ನನ್ನೆದುರು ಹೇಳಿದ್ದಳು. ಅಪ್ಪನೆದುರು ಬರಲಿಲ್ಲ.

“ನಾನ ತಂದೆ ಅಪ್ಪ. ನನ್ನ ರೊಕ್ಕದಾಗ. ನಾ ಇಲ್ಲಿ ಪುಕ್ಕಟೆ ಉಂಡಿಲ್ಲ. ಪಾತ್ರಿ, ಕಸಾ, ನೀರು ಎಲ್ಲಾ ಮಾಡೇನಿ. ಯಾರೂ ನಿನಗ ಏನೂ ಅನ್ನಂಗಿಲ್ಲ.”

ಅಪ್ಪನ ತಲೆ ಎತ್ತಿಸಲೆಂದು ಆಡಿದ ಮಾತು. ಅವನು ತುತ್ತನ್ನು ತಾಟಿನಲ್ಲೇ ಬಿಟ್ಟ. ಕೆಳಗೆ ಮಶೀನುಗಳು ಓಡುತ್ತಲೇ ಇದ್ದವು.

“ಪಂಪಣ್ಣ, ಹಂಗಲ್ಲ, ಆಕಿ ಹಟಾ ಮಾಡಿದ್ಲು. ನಾವು ಕೆಲಸಕ್ಕ ಇಟ್ಕೊಂಡಿದ್ದಿಲ್ಲ” ಅಂದೆ. ನನ್ನ ಕಿವಿಗೇ ಅದು ನೆಪದ ಹಾಗೆ ಕೇಳಿಸಿತು.

“ನಿಮ್ಮ ತಪ್ಪು ನಾ ಹೇಳಂಗಿಲ್ಲ ಅಕ್ಕಾರ. ನಿಮ್ಮ ಋಣ ದೊಡ್ಡದು” ಅಂದ. ಎದ್ದು ಕೈ ತೊಳೆದ. ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡ. ಮಗಳ ಕಡೆ ತಿರುಗಿದ. “ದುಡಿದು ಉಣ್ಣೂದ ಆದ್ರ ನಿಮ್ಮಪ್ಪನ ಮನ್ಯಾಗೂ ಕೆಲಸ ಐತಿ. ಬಟ್ಟಿ ತುಂಬ್ಕೋ.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಿ ಜಗಳವಾಡುತ್ತಿದ್ದೆ, ಜಗಳದಲ್ಲಿ ಗೆಲ್ಲುವುದು ನನಗೆ ಬರುತ್ತದೆ. ಅವನ ಕಣ್ಣಲ್ಲಿ ನೀರಿತ್ತು. ನಮ್ಮ ಮನೆಯವರು ಏನೇನೋ ಹೇಳಿದರು. ಚೈತ್ರಾ ಅಳುತ್ತ, “ಅಂಕಲ್, ಮೆಟ್ಟಲಾ ಇನ್ನ ನಾನ ಗುಡಸ್ತೀನಿ” ಅಂದಳು. ಅವನು ಅವಳ ತಲೆ ಸವರಿದ. ಸಿರುಗುಪ್ಪದಲ್ಲೂ ಕಾಲೇಜಿದೆ, ಅಲ್ಲೇ ಹಾಕುತ್ತೇನೆ ಅಂದ. ಹಾಕಿದ ಕೂಡ. ಮೊದಲ ವರ್ಷ ಮುಗಿಸಿದಳು. ಆಮೇಲೆ ಮನೆಯಲ್ಲಿ ಎರಡನೆಯ ಕೂಸು ಬಂತು, ಎರಡನೆಯ ವರ್ಷದ ಮಾತು ಯಾರೂ ಎತ್ತಲಿಲ್ಲ. ನಾನು ಫೋನು ಮಾಡಿದಾಗೆಲ್ಲ ಹಿಂದೆ ಒಂದು ಮಗು ಅಳುತ್ತಿರುತ್ತದೆ. “ಆಮ್ಯಾಗ ಮಾತಾಡ್ತೀನಿ ದೊಡ್ಡವ್ವ” ಅನ್ನುತ್ತಾಳೆ.

ಅವತ್ತು ಬಸ್‌ಸ್ಟ್ಯಾಂಡಿನ ತನಕ ನಾನೂ ಹೋದೆ. ಪಂಪಣ್ಣ ಟವೆಲು ಕಿಟಕಿಯಿಂದ ಒಳಗೆ ಒಗೆದು ಸೀಟು ಹಿಡಿಯಲು ಹತ್ತಿದ. ನಾನೂ ಗಿರಿಜಾಳೂ ಕೆಳಗೆ ನಿಂತಿದ್ದೆವು. ಕಾದ ಡಾಂಬರಿನ ಮೇಲೆ ಚಪ್ಪಲಿ ಅಂಟುತ್ತಿತ್ತು. ಹೇಳಬೇಕಾದದ್ದು ಬೇಕಾದಷ್ಟಿತ್ತು. ನಾನು ನೀರಿನ ಬಾಟಲಿ ತಗೊಂಡೆಯೇನು, ಬಿಸಿಲ ಕಡೆ ಕೂತ್ಕೋಬೇಡ ಅಂತ ಹೇಳುತ್ತಿದ್ದೆ. ಡ್ರೈವರು ಹತ್ತಿ ಕೂತ. ಅವಳು ಮೆಟ್ಟಿಲಿಗೆ ಕಾಲಿಟ್ಟವಳು ಹಿಂದಿರುಗಿ ಬಂದಳು.

“ದೊಡ್ಡವ್ವ, ರೊಕ್ಕ ಕೊಡು.”

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನಿಸಿತು. “ಯಾತಕ್ಕವ್ವ?” ಅಂದೆ. ರೂಢಿ, ಬಾಯಿಗೆ ಬಂದುಬಿಟ್ಟಿತು.

“ಯಾತಕ್ಕೂ ಅಲ್ಲ. ಚೈತ್ರಾ ಕೇಳ್ತಾಳಲ್ಲ, ಹಂಗ.”

ಪರ್ಸು ತೆರೆದು ನೂರರ ನೋಟು ಕೊಟ್ಟೆ. ಅವಳು ಅದನ್ನು ನೋಡಿದಳು.

“ಇಷ್ಟ ಏನು? ಇನ್ನೊಂದು ಕೊಡು” ಅಂದಳು.

ಇನ್ನೊಂದು ಕೊಟ್ಟೆ. ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು, ಮುಖ ತಿರುಗಿಸಿ ಬಸ್ಸು ಹತ್ತಿದಳು.